ಕೆಂಪು ನಡೆಯುತ್ತಂತೆ

ಆ ಲಾಂಡ್ರಿಯಲ್ಲಿ ಯಾರೂ ಓಡುವ ಹಾಗಿರಲಿಲ್ಲ. ಕಾಲಿನಿಂದ ಎಷ್ಟು ಬೇಕಾದರೂ ಓಡಬಹುದಿತ್ತು, ಬಾಯಿಂದ ಓಡುವ ಹಾಗಿರಲಿಲ್ಲ. ಅಂಗಡಿಯ ಯಜಮಾನಿ, ಅಂದರೆ ಅತ್ತೆ, 'ಓಡು' ಎಂಬ ಮಾತನ್ನು ಮನೆಯಿಂದಲೂ ಅಂಗಡಿಯಿಂದಲೂ ಕತ್ತು ಹಿಡಿದು ಆಚೆಗೆ ದಬ್ಬಿದ್ದರು.

ಕಾರಣ ಬೀದಿಗೆಲ್ಲ ಗೊತ್ತಿತ್ತು. ಅತ್ತೆಯ ಒಬ್ಬಳೇ ಮಗಳು, ಬಟ್ಟೆಗೆ ಬಣ್ಣ ಹಾಕುವವನೊಬ್ಬನ ಜೊತೆ ಓಡಿಹೋಗಿದ್ದಳು. ನ್ಯಾಯವಾಗಿ ಹೇಳಬೇಕೆಂದರೆ ಅವಳು ಓಡಿರಲಿಲ್ಲ. ಎರಡು ಬೀದಿ ಆಚೆಗಿದ್ದ ಅವನ ಅಂಗಡಿಗೆ ಮಧ್ಯಾಹ್ನದ ಬಿಸಿಲಲ್ಲಿ ಕೊಡೆ ಹಿಡಿದು, ದಾರಿಯಲ್ಲಿ ಕಿತ್ತುಹೋದ ಚಪ್ಪಲಿಯನ್ನು ಹೊಲಿಸಿಕೊಂಡು, ನಿಧಾನವಾಗಿ ನಡೆದೇ ಹೋಗಿದ್ದಳು. ಚಪ್ಪಲಿ ಹೊಲಿದವನೇ ಅದಕ್ಕೆ ಸಾಕ್ಷಿ. ಆದರೆ ನಮ್ಮ ಮಾತಿನಲ್ಲಿ ಅಂಥ ಹೋಗುವಿಕೆಗೆ ಇರುವುದು ಒಂದೇ ಪದ. ಕುಂಟಿಕೊಂಡು ಹೋದರೂ ಓಡಿಹೋದಳು ಎಂದೇ ಅನ್ನಬೇಕು.

ಅಂದಿನಿಂದ ಆ ಮನೆಯಲ್ಲಿ ಗಡಿಯಾರ ಓಡಲಿಲ್ಲ, ತಿರುಗಿತು. ಬಸ್ಸು ಓಡಲಿಲ್ಲ, ಹೋಯಿತು. ಅಂಗಡಿ ಚೆನ್ನಾಗಿ 'ನಡೆಯಿತು'. ಭಾವ, ಅಂದರೆ ಅತ್ತೆಯ ಹಿರಿಮಗ, ಮದುವೆಯೂ ಆಗದೆ, ಬುದ್ಧಿಯೂ ಬಾರದೆ ಉಳಿದಿದ್ದವನು, ಕಾನೂನಿನ ಎಲ್ಲೆ ಎಲ್ಲಿದೆ ಎಂದು ನೋಡಲು ಒಮ್ಮೆ ಕೇಳಿದ್ದ.

"ಅಮ್ಮಾ, ಓಡಾಡು ಅನ್ನಬಹುದಾ?"

ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟಿದ್ದರು: "ಅನ್ನಬಹುದು. ಓಡಾಡೋರು ವಾಪಸ್ ಬರ್ತಾರೆ."

ಇದರಿಂದ ನಷ್ಟವೂ ಆಗಿತ್ತು. ಹಿತ್ತಲಲ್ಲಿ ಒಣಗಲು ಹಾಕಿದ್ದ ರೇಷ್ಮೆ ಅಂಗಿಯೊಂದನ್ನು ಕಳ್ಳನೊಬ್ಬ ಎಗರಿಸಿದಾಗ ಭಾವ ಬೀದಿಗೆ ನುಗ್ಗಿ, ಅಮ್ಮನ ನೆನಪಾಗಿ, "ಕಳ್ಳ ಬೇಗಬೇಗ ನಡ್ಕೊಂಡ್ ಹೋಗ್ತಿದಾನೆ, ಹಿಡೀರಿ!" ಎಂದು ಕೂಗಿದ್ದ. ಬೀದಿಯ ಜನ ತಲೆಯೆತ್ತಿ ನೋಡಿದರು. ನಡೆದು ಹೋಗುವ ಕಳ್ಳನಿಗೆ ಅಷ್ಟೇನು ಅವಸರ ಎಂದು ಚಹಾ ಕುಡಿದು ಮುಗಿಸಿದರು. ಅಂಗಿ ಹೋದದ್ದು ಹೋಯಿತು.

ನಮಗೆ ಬೇಕಾದವಳು ಕಿರಿಸೊಸೆ, ಅಂದರೆ ಅತ್ತೆಯ ಕಿರಿಮಗನ ಹೆಂಡತಿ. ಇಸ್ತ್ರಿ ಮೇಜು ಅವಳದು. ಅವಳ ಗಂಡ ಗಾಡಿಯಲ್ಲಿ ಬಟ್ಟೆಯ ಗಂಟುಗಳನ್ನು ಹೇರಿಕೊಂಡು ಮನೆಮನೆಗೆ ತಲುಪಿಸುವವನು, ಸದಾ ಹೊರಗೇ. ಹಾಗಾಗಿ ಈ ಕತೆಯಲ್ಲಿ ಅವನಿಗೇನೂ ಕೆಲಸವಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಡೆ ಭಾವನ ಒಗೆಯುವ ಯಂತ್ರಗಳು, ಇನ್ನೊಂದು ಕಡೆ ಇವಳ ಮೇಜು, ನಡುವೆ ಹಬೆ. ಮದುವೆಯಾಗಿ ಬಂದಾಗಿನಿಂದ ಅವಳು ಜನರನ್ನು ಬಟ್ಟೆಯಿಂದಲೇ ಬಲ್ಲಳು. ಯಾರಿಗೆ ಹೊಟ್ಟೆ ಬಂತು, ಯಾರು ಸಿಗರೇಟು ಬಿಟ್ಟೆ ಎಂದು ಹೆಂಡತಿಗೆ ಸುಳ್ಳು ಹೇಳಿದ, ಯಾರ ಮಗು ಈಗ ಅಂಗಿಯ ತೋಳಿಗೆ ಮೂಗೊರೆಸುವುದನ್ನು ನಿಲ್ಲಿಸಿತು, ಎಲ್ಲವೂ ಗೊತ್ತು. ಮುಖ ಮಾತ್ರ ಗೊತ್ತಿಲ್ಲ. ಮುಖಗಳೆಲ್ಲ ಮುಂದಿನ ಕೋಣೆಯ ಗಲ್ಲಾಕ್ಕೆ ಬಂದು ಅಲ್ಲಿಂದಲೇ ಹೋಗುತ್ತಿದ್ದವು. ಗಲ್ಲಾದ ಹತ್ತಿರ ಕಿಟಕಿಯಿತ್ತು, ಫ್ಯಾನಿತ್ತು, ಎತ್ತರದ ಸ್ಟೂಲಿತ್ತು. ಅಲ್ಲಿ ಕೂರಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಯಾರಾದರೂ ಕೇಳಿಬಿಟ್ಟಾರು ಎಂದು ಹೆದರಿ ಆ ಕಡೆ ನೋಡುತ್ತಲೂ ಇರಲಿಲ್ಲ.

ಅತ್ತೆಯ ಕಣ್ಣು ಮಂಜಾದಾಗ ಆ ಆಸೆಗೆ ಕಾಲು ಬಂತು. ಅವರು ಡಾಕ್ಟರ ಬಿಳಿ ಕೋಟನ್ನು ಕಟುಕನಿಗೂ ರಕ್ತದ ಕಲೆ ಪೂರ್ತಿ ಹೋಗದ ಕಟುಕನ ಅಂಗಿಯನ್ನು ಡಾಕ್ಟರಿಗೂ ಕೊಟ್ಟು ಕಳಿಸಿದರು. ಅಂದು ಡಾಕ್ಟರ ಬಳಿಗೆ ಬಂದ ರೋಗಿಗಳಲ್ಲಿ ಅರ್ಧದಷ್ಟು ಜನ ತಮಗೆ ಈಗ ಆರಾಮವಾಗಿದೆ ಎಂದು ಬಾಗಿಲಿಂದಲೇ ವಾಪಸಾದರಂತೆ. ಅದೇ ಹೊತ್ತಿಗೆ ಎದುರಿಗೆ ದೊಡ್ಡ ಹೋಟೆಲೊಂದು ತೆರೆದು, ಅಲ್ಲಿ ಇಳಿದುಕೊಂಡವರು ಬಟ್ಟೆ ಹಿಡಿದು ಬರತೊಡಗಿದರು. ಬಂದವರೆಲ್ಲ ಇಂಗ್ಲಿಷಿನವರು. ಅತ್ತೆಗೆ ಬರುತ್ತಿದ್ದ ಇಂಗ್ಲಿಷು 'ಟುಮಾರೋ' ಮಾತ್ರ. ಭಾವನದು 'ನೋ ಪ್ರಾಬ್ಲಂ' ಮಾತ್ರ. ಇಬ್ಬರೂ ಸೇರಿದರೆ ಒಂದು ವಾಕ್ಯವಾಗುತ್ತಿತ್ತು, ಅದೂ ಸುಳ್ಳು.

ಕಿರಿಸೊಸೆ ಯಾರಿಗೂ ಹೆಚ್ಚು ಹೇಳದೆ ಸಂಜೆ ತರಗತಿಗೆ ಸೇರಿಕೊಂಡಳು.

ತರಗತಿ ನಡೆಸುತ್ತಿದ್ದ ಮೇಷ್ಟ್ರು ಹಗಲು ವಿಮೆ ಮಾರುವವರು. ಅದಕ್ಕೇ ಇರಬೇಕು, ಪಾಠವನ್ನೂ ನಾಳೆ ಬೆಳಿಗ್ಗೆ ನಾವೆಲ್ಲ ಸಾಯುತ್ತೇವೆ ಎಂಬಂತೆ ಅವಸರದಲ್ಲಿ ಹೇಳುತ್ತಿದ್ದರು. ವಾರಕ್ಕೊಂದು ಕ್ರಿಯಾಪದ. ಆ ವಾರ ಹಲಗೆಯ ಮೇಲೆ 'ರನ್' ಎಂದು ಬರೆದರು.

"ಈ ರನ್ ಅನ್ನೋದು ಮನೆ ಸೊಸೆ ಇದ್ದ ಹಾಗೆ ಕಣ್ರೀ," ಎಂದರು. "ಯಾವ ಕೆಲಸಕ್ಕೆ ಕರೆದ್ರೂ ಬರುತ್ತೆ. ಬಸ್ಸು ರನ್ ಆಗುತ್ತೆ, ನಲ್ಲಿ ನೀರು ರನ್ ಆಗುತ್ತೆ, ಅಂಗಡಿ ರನ್ ಆಗುತ್ತೆ, ಅಂಗಡಿ ಯಜಮಾನ ಅದನ್ನ ರನ್ ಮಾಡ್ತಾನೆ. ಸಕ್ಕರೆ ಮುಗಿದ್ರೆ ರನ್ ಔಟ್. ಶೀತ ಆದ್ರೆ ಮೂಗು ರನ್ ಆಗುತ್ತೆ."

"ಮೂಗು ಓಡಿದ್ರೆ ಹಿಡಿದು ತರೋದು ಹೇಗೆ ಸಾರ್?" ಎಂದು ಹಿಂದಿನ ಬೆಂಚಿನಿಂದ ಬ್ಯಾಂಕಿನ ಕಾವಲುಗಾರ ಕೇಳಿದ.

"ನಮ್ಮಲ್ಲಿ ಸೋರುತ್ತಪ್ಪ, ಅವರಲ್ಲಿ ಓಡುತ್ತೆ. ಚುನಾವಣೆಗೆ ನಮ್ಮವರು ನಿಲ್ತಾರೆ, ಅವರು ಓಡ್ತಾರೆ."

"ಗೆದ್ದ ಮೇಲೆ ಎರಡೂ ಕಡೆ ಮಲಗ್ತಾರೆ ಸಾರ್."

ಮೇಷ್ಟ್ರು ನಕ್ಕು, ಗಡಿಯಾರ ನೋಡಿ, ಬೆಚ್ಚಿ, "ಇನ್ನೂ ಬೇಕಾದಷ್ಟಿವೆ, ಉಳಿದದ್ದು ಮುಂದಿನ ವಾರ" ಎಂದು ಹಲಗೆ ಒರೆಸಿದರು. ಯಾರದೋ ಮನೆಗೆ ವಿಮೆಯ ಮಾತಿಗೆ ಹೋಗುವುದಿತ್ತು.

ಕಿರಿಸೊಸೆ ಕಲಿತಷ್ಟನ್ನು ಒಂದೂ ಉದುರದಂತೆ ಜೋಪಾನವಾಗಿ ಮನೆಗೆ ತಂದಳು. ಮರುದಿನ ಇಸ್ತ್ರಿ ಮಾಡುತ್ತ ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದಳು: ಶಾಪ್ ರನ್ಸ್, ಬಸ್ ರನ್ಸ್, ನೋಸ್ ರನ್ಸ್. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ.

"ಅದೇನೇ ಅದು ರನ್ನು ರನ್ನು ಅಂತ ಗೊಣಗ್ತಾ ಇದೀಯ? ರನ್ನು ಅಂದ್ರೇನು?"

ಹೊರಗೆ ಹಾಕಿದ್ದ ಮಾತನ್ನು ವೇಷ ಬದಲಿಸಿ ಹಿತ್ತಲ ಬಾಗಿಲಿಂದ ಒಳಗೆ ಬಿಟ್ಟುಕೊಂಡಂತಾಗಿತ್ತು. "ರನ್ ಅಂದ್ರೆ... ನಡೆ ಅಂತ, ಅತ್ತೆ," ಎಂದಳು.

ಅತ್ತೆ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ "ಹೌದಾ? ಒಳ್ಳೇದು" ಎಂದು ಮುಂದಿನ ಕೋಣೆಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಆ ಕುರ್ಚಿಯ ಎದುರಿಗೆ, ಮೂಗು ತಾಗುವಷ್ಟು ಹತ್ತಿರದಲ್ಲಿ ಟೀವಿ. ಅದರಲ್ಲಿ ಬೆಳಗಿಂದ ಸಂಜೆಯವರೆಗೆ ಯಾವುದೋ ದೇಶದವರು ಯಾವುದೋ ದೇಶದವರ ಮೇಲೆ ಕ್ರಿಕೆಟ್ ಆಡುತ್ತಿರುತ್ತಿದ್ದರು. ಅತ್ತೆ ಧ್ವನಿ ಇಡುತ್ತಿರಲಿಲ್ಲ. ಅವರಿಗೆ ಏನು ತಿಳಿಯುತ್ತದೆ, ಹೊತ್ತು ಹೋಗಲಿ ಎಂದು ನೋಡುತ್ತಾರೆ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು.

ಆ ವಾರದ ಕೊನೆಗೆ ಅತ್ತೆ ಭಾವನನ್ನೂ ಕಿರಿಸೊಸೆಯನ್ನೂ ಕರೆದು ಹೇಳಿದರು. "ನನ್ನ ಕಣ್ಣು ಮುಗೀತು. ಗಲ್ಲಾಕ್ಕೆ ಇವಳು ಕೂತ್ಕೊಳ್ಲಿ, ನೋಡೋಣ. ಹೋಟೆಲಿನವರ ಹತ್ರ ಒಂದು ಎಡವಟ್ಟಾದ್ರೂ ಮತ್ತೆ ಇಸ್ತ್ರಿ ಮೇಜಿಗೆ. ಆಮೇಲೆ ಗಲ್ಲಾ ನಿನ್ನದು ಕಣೋ."

"ನೋ ಪ್ರಾಬ್ಲಂ," ಎಂದ ಭಾವ. ಅವನಿಗೂ ಹಬೆ ಸಾಕಾಗಿತ್ತು. "ನಾನು ಕಾಯ್ತೀನಮ್ಮ, ಇಂಗ್ಲಿಷ್ ರಾಣಿ. ನೀನು ಅವಸರ ಮಾಡ್ಬೇಡ, ನಿಧಾನವಾಗೇ ಎಡವು."

ಮೊದಲೆರಡು ದಿನ ದೇವರು ದೊಡ್ಡವನು. ಹೋಟೆಲಿನಿಂದ ಬಂದವರು ಬಟ್ಟೆ ಇಟ್ಟು ಬೆರಳೆತ್ತಿ ತೋರಿಸಿ ಹೋದರು. ಕಿರಿಸೊಸೆ ಹಳೆಯ ಗಿರಾಕಿಗಳ ಬಟ್ಟೆಗೂ ಮುಖಕ್ಕೂ ಗಂಟು ಹಾಕುತ್ತ ಕೂತಳು. ಹೊಟ್ಟೆ ಬಂದವನು ಇವನೇ! ಮೂಗೊರೆಸುತ್ತಿದ್ದ ಮಗು ಇದೇ! ಇಷ್ಟು ವರ್ಷ ಕತೆ ಕೇಳಿದ್ದವರನ್ನು ಈಗ ಒಬ್ಬೊಬ್ಬರಾಗಿ ಕಂಡಂತಾಗಿ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಗಿರಾಕಿಗಳೂ ಯಾಕೆಂದು ತಿಳಿಯದೆ ನಕ್ಕು ಹೋಗುತ್ತಿದ್ದರು.

ಮೂರನೆಯ ದಿನ ಹಾಡುಗಾರ್ತಿ ಬಂದಳು. ಹೋಟೆಲಿನ ಸಭಾಂಗಣದಲ್ಲಿ ಮರುದಿನ ಸಂಜೆ ಅವಳ ಹಾಡುಗಾರಿಕೆ. ಎದುರು ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿದ್ದವಳು ಇವಳೇ. ಚೀಲದಿಂದ ನೆಲ ಮುಟ್ಟುವ ಬಿಳಿ ಗೌನೊಂದನ್ನು, ಅದರ ಮೇಲೆ ಹೊದೆಯುವ ಕಡುಕೆಂಪು ಶಾಲೊಂದನ್ನು ಗಲ್ಲಾದ ಮೇಲಿಟ್ಟು ಸರಸರನೆ ಏನೇನೋ ಹೇಳಿದಳು. ಅದರಲ್ಲಿ ಕಿರಿಸೊಸೆಗೆ 'ಟುಮಾರೋ' ಸಿಕ್ಕಿತು. ಹಾಡುಗಾರ್ತಿ ಕೆಂಪು ಶಾಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಹೇಳಿದಳು:

"ದಿ ರೆಡ್ ಒನ್ ರನ್ಸ್."

ರನ್! ಬಸ್ ನಿಲ್ದಾಣದ ನೂಕುನುಗ್ಗಲಲ್ಲಿ ಗುರುತಿನ ಮುಖ ಕಂಡಂತಾಯಿತು. ಕಿರಿಸೊಸೆ ಮುಖವರಳಿಸಿ, "ವೆರಿ ಗುಡ್ ಮೇಡಂ!" ಎಂದಳು.

ಹಾಡುಗಾರ್ತಿ ಹುಬ್ಬು ಗಂಟಿಕ್ಕಿದಳು. "ನೋ. ಇಟ್ ರನ್ಸ್," ಎಂದು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು.

"ಯೆಸ್ ಮೇಡಂ. ಅವರ್ ಶಾಪ್ ಆಲ್ಸೋ ರನ್ಸ್."

ಹಾಡುಗಾರ್ತಿ ಇದೇನೋ ಲಾಂಡ್ರಿಯವರ ತಮಾಷೆ ಇರಬೇಕೆಂದು ನಕ್ಕು ಹೊರಟುಹೋದಳು.

ಅವಳು ಹೋದ ಮೇಲೆ ಕಿರಿಸೊಸೆಗೆ ಅನುಮಾನ ಹತ್ತಿತು. ಕಲಿತ ಅರ್ಥಗಳನ್ನೆಲ್ಲ ಒಂದೊಂದಾಗಿ ಶಾಲಿಗೆ ತೊಡಿಸಿ ನೋಡಿದಳು. ಶಾಲಿಗೆ ಮೂಗಿಲ್ಲ. ಶಾಲು ಚುನಾವಣೆಗೆ ನಿಲ್ಲುವುದಿಲ್ಲ. ನಿಂತರೂ ಕೆಂಪು ಎಂದ ಕೂಡಲೇ ಯಾವ ಪಕ್ಷ ಎಂದು ಗೊತ್ತಾಗಿಬಿಡುತ್ತದೆ. ಸಕ್ಕರೆಯ ಹಾಗೆ ಮುಗಿಯುವ ವಸ್ತುವೂ ಅಲ್ಲ. ಉಳಿದದ್ದು ಅಂಗಡಿಯ ಅರ್ಥ. ಅಂಗಡಿ ರನ್ ಆಗುತ್ತದೆ ಎಂದರೆ ಚೆನ್ನಾಗಿ ನಡೆಯುತ್ತದೆ ಎಂದು. ಶಾಲೂ ಹಾಗೆಯೇ ಇರಬೇಕು. ವೇದಿಕೆಯ ಮೇಲೆ ಕೆಂಪು ಚೆನ್ನಾಗಿ ನಡೆಯುತ್ತದೆ, ಜನ ಮೆಚ್ಚುತ್ತಾರೆ, ಹುಷಾರಾಗಿ ನೋಡಿಕೊಳ್ಳಿ ಎಂದಿರಬೇಕು.

ಅಷ್ಟರಲ್ಲಿ ಭಾವ ಹಿಂದಿನ ಕೋಣೆಯ ಕಿಂಡಿಯಿಂದ ತಲೆ ಹಾಕಿದ. ಬಟ್ಟೆ ಕೊಡುವುದೂ ತೆಗೆದುಕೊಳ್ಳುವುದೂ ಆ ಕಿಂಡಿಯಲ್ಲೇ.

"ಏನಂತೆ ಮೇಡಮ್ಮಂದು?"

"ನಾಳೆ ಸಂಜೆಗೆ ಬೇಕಂತೆ ಭಾವ. ಆಮೇಲೆ ಈ ಕೆಂಪು ಇದೆಯಲ್ಲ..." ಓಡುತ್ತಂತೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ, ಬಟ್ಟೆ ಹೇಗೆ ಓಡುತ್ತೆ ಎಂದು ಭಾವ ಕೇಳುತ್ತಿದ್ದ, ಇಬ್ಬರೂ ಸೇರಿ ತಲೆ ಕೆರೆದುಕೊಳ್ಳುತ್ತಿದ್ದರು, ಏನಾದರೂ ಹೊಳೆಯುತ್ತಿತ್ತೋ ಏನೋ. ಆದರೆ ಪಕ್ಕದ ಕುರ್ಚಿಯಲ್ಲಿ ಅತ್ತೆ ಅರೆಗಣ್ಣು ಮುಚ್ಚಿ ಕೂತಿದ್ದರು. ಕಿರಿಸೊಸೆ ಆ ಮಾತನ್ನು ನುಂಗಿ ಮನೆಗೆ ಒಗ್ಗುವ ಮಾತನ್ನು ಹೇಳಿದಳು.

"ಕೆಂಪು ನಡೆಯುತ್ತಂತೆ."

"ನಡೆಯುತ್ತಂತಾ?"

"ಹೂಂ. ಅವರೇ ಹೇಳಿದ್ರು. ಎರಡೆರಡು ಸಲ."

"ಅವರೇ ನಡೆಯುತ್ತೆ ಅಂದ್ಮೇಲೆ ನಮ್ಮದೇನು," ಎಂದು ಭಾವ ಗೌನನ್ನೂ ಶಾಲನ್ನೂ ಒಟ್ಟಿಗೆ ಎಳೆದುಕೊಂಡ.

ಇಲ್ಲಿ ಭಾವನ ಪರವಾಗಿಯೂ ಒಂದು ಮಾತು ಹೇಳಬೇಕು. ಕೆಂಪು ಬಟ್ಟೆ ಬಂದರೆ ಅದರ ಅಂಚನ್ನು ಒದ್ದೆ ಮಾಡಿ ಬಿಳಿ ಚಿಂದಿಗೆ ಒತ್ತಿ ನೋಡುವುದು ಆ ಅಂಗಡಿಯ ರೂಢಿ. ಹಾಗೆ ನೋಡುತ್ತಿದ್ದವಳು ಇಸ್ತ್ರಿ ಮೇಜಿನ ಕಿರಿಸೊಸೆಯೇ. ಈಗ ಆ ಮೇಜಿನಲ್ಲಿ ಯಾರೂ ಇರಲಿಲ್ಲ. ಬಿಳಿಯ ಜೊತೆ ಹಾಕಿದರೆ ನಡೆಯುತ್ತದೆ ಎಂದು ಬಟ್ಟೆಯ ಒಡತಿಯೇ ಎರಡು ಸಲ ಹೇಳಿ ಹೋಗಿರುವಾಗ ಅವನಾದರೂ ಯಾಕೆ ಮೈ ನೋಯಿಸಿಕೊಳ್ಳಬೇಕು?

ಮರುದಿನ ಬೆಳಿಗ್ಗೆ ಅವನು ಬಟ್ಟೆಗಳನ್ನು ಯಂತ್ರಕ್ಕೆ ಹಾಕಿದ. ತೆಗೆದಾಗ ಹಿಂದಿನ ಕೋಣೆಯಿಂದ ಯಾವ ಸದ್ದೂ ಬರಲಿಲ್ಲ. ಭಾವ ಸುಮ್ಮನಿದ್ದಾನೆಂದರೆ ಕೆಟ್ಟದ್ದೇನೋ ಆಗಿದೆ ಎಂದೇ ಅರ್ಥ. ಆಮೇಲೆ ಅವನು ಒದ್ದೆ ಗೌನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನೀರಿನಿಂದ ತೆಗೆದ ಹೆಣ ತರುವಂತೆ ಮುಂದಿನ ಕೋಣೆಗೆ ಬಂದ. ಗೌನು ಗುಲಾಬಿಯಾಗಿತ್ತು. ಒಂದೇ ಸಮನಾದ ಗುಲಾಬಿಯಾದರೂ ಆಗಬಾರದೇ? ಒಂದು ಕಡೆ ಮಗುವಿನ ಕೆನ್ನೆ, ಇನ್ನೊಂದು ಕಡೆ ಹೊಡೆತ ತಿಂದ ಕೆನ್ನೆ.

"ನಡೆಯುತ್ತೆ ಅಂದೆ!" ಎಂದ ಭಾವ.

ಕಿರಿಸೊಸೆ ಸ್ಟೂಲಿನಿಂದ ಕೆಳಗಿಳಿದಳು. "ಚೆನ್ನಾಗಿ ನಡೆಯುತ್ತೆ ಅಂದೆ ಭಾವ. ಜೊತೆಗೆ ಹಾಕಿದ್ರೆ ನಡೆಯುತ್ತೆ ಅಂತ ಎಲ್ಲಿ ಅಂದೆ?"

"ಬಟ್ಟೆ ಚೆನ್ನಾಗಿ ನಡೆಯೋದು ಅಂದ್ರೇನಮ್ಮ? ಅದಕ್ಕೆ ಕಾಲಿದೆಯಾ?"

"ನೀವು ಚಿಂದಿಗೆ ಒತ್ತಿ ನೋಡ್ಬೇಕಿತ್ತು."

"ಒತ್ತಿ ನೋಡೋಳು ಗಲ್ಲಾ ಹತ್ತಿ ಕೂತಿದ್ಲಲ್ಲ!"

"ಇಬ್ರೂ ಬಾಯಿ ಮುಚ್ಚಿ," ಎಂದರು ಅತ್ತೆ. ಕುರ್ಚಿಯನ್ನು ಟೀವಿಯ ಕಡೆಯಿಂದ ಇತ್ತ ತಿರುಗಿಸಿದರು. ಅದೇ ಒಂದು ದೊಡ್ಡ ಸಂಗತಿ. "ಅವಳು ಸರಿಯಾಗಿ ಏನಂದ್ಲು, ಹಾಗೇ ಹೇಳು."

"ದಿ ರೆಡ್ ಒನ್ ರನ್ಸ್ ಅಂದ್ರು, ಅತ್ತೆ."

"ಅಂದ್ರೆ?"

"ಅಂದ್ರೆ... ಕೆಂಪು... ನಡೆ..."

"ಥೂ ನಿನ್ನ! ರನ್ನು ಅಂದ್ರೆ ಓಡೋದು ಕಣೇ!" ಎಂದು ಅತ್ತೆ ಗುಡುಗಿದರು. "ಕೆಂಪು ಓಡುತ್ತೆ ಅಂದಿದಾಳೆ! ಬಣ್ಣ ಬಿಡುತ್ತೆ, ಬೇರೆ ಹಾಕಿ ಅಂತ ಬಾಯಿ ಬಿಟ್ಟು ಹೇಳಿ ಹೋಗಿದಾಳೆ! ಬಟ್ಟೆಯಲ್ಲಿ ಓಡೋದು ಬಣ್ಣ ಬಿಟ್ರೆ ಇನ್ನೇನಿದೆ?"

ಬಣ್ಣದ ವಿಷಯ ಆಮೇಲೆ ಹೊಳೆಯಿತು. ಮೊದಲು ಅತ್ತೆಯ ಬಾಯಲ್ಲಿ 'ಓಡು' ಎಂಬ ಮಾತು ಕೇಳಿಸಿ ಭಾವನ ಕೈಯಿಂದ ಗೌನು ಜಾರುವುದರಲ್ಲಿತ್ತು.

"ಅತ್ತೆ, ನಿಮಗೆ... ರನ್ ಅಂದ್ರೆ..."

"ಇಷ್ಟು ವರ್ಷ ಇದರ ಮುಂದೆ ಕೂತು ನಾನೇನು ನೋಡ್ತಿದೀನಿ ಅಂದ್ಕೊಂಡೆ?" ಅತ್ತೆ ಟೀವಿಯ ಕಡೆ ಕೈ ಬೀಸಿದರು. ಯಾರೋ ಒಬ್ಬ ಬ್ಯಾಟು ಹಿಡಿದು ಬಿದ್ದಂಬೀಳ ಹೋಗುತ್ತಿದ್ದ. "ಅವರೇನು ಆ ಕಡೆ ಈ ಕಡೆ ವಾಯುವಿಹಾರ ಮಾಡ್ತಾರಾ? ಓಡಿದ್ರೆ ರನ್ನು, ನಡೆದ್ರೆ ಔಟು!"

"ಮತ್ತೆ ಅವತ್ತು ನಾನು ನಡೆ ಅಂದಾಗ ಸುಮ್ಮನೆ ಇದ್ರಲ್ಲ?"

"ಒಬ್ಬಳಾದ್ರೂ ನನ್ನ ಮಾತಿಗೆ ಬೆಲೆ ಕೊಟ್ಟು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದಾಳಲ್ಲ ಅಂತ ಸಂತೋಷ ಆಗಿತ್ತು," ಎಂದರು ಅತ್ತೆ. "ಈಗ ಅನುಭವಿಸ್ತಿದೀನಿ."

ಗೌನಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಣಗಿತೆಂದರೆ ಬಣ್ಣ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಬ್ರಹ್ಮ ಬಂದರೂ ಬಿಡುವುದಿಲ್ಲ. ಹತ್ತಿದ ಬಣ್ಣ ಇಳಿಸಬಲ್ಲವನು ಆ ಸುತ್ತಿನಲ್ಲೆಲ್ಲ ಒಬ್ಬನೇ ಇದ್ದ, ಎರಡು ಬೀದಿ ಆಚೆ. ಮೂವರಿಗೂ ಅದು ಗೊತ್ತಿತ್ತು. ಭಾವ ಸೂರು ನೋಡಿದ. ಕಿರಿಸೊಸೆ ನೆಲ ನೋಡಿದಳು. ಅತ್ತೆ ಟೀವಿ ನೋಡಿದರು.

ಗಲ್ಲಾ ಕೈಬಿಟ್ಟಿತೆಂದು ಕಿರಿಸೊಸೆಗೆ ಖಾತ್ರಿಯಾಗಿತ್ತು. ಎತ್ತರದ ಸ್ಟೂಲು ಆಗಲೇ ಬೇರೆ ಯಾರದೋ ಅನ್ನುವಂತೆ ಕಾಣುತ್ತಿತ್ತು. ಅದು ಹೋದರೆ ಹೋಗಲಿ, ಆ ಹೆಂಗಸು ಇಂದು ಸಂಜೆ ಏನು ಉಟ್ಟು ಹಾಡಬೇಕು? ಅವಳು ನೀರು ತುಂಬಿದ ಬಕೆಟ್ಟು ತಂದು ಗೌನನ್ನು ಅದರಲ್ಲಿ ಇಳಿಸಿ, ಎತ್ತಿಕೊಂಡು ಬಾಗಿಲ ತನಕ ಹೋಗಿ, ತಿರುಗಿ ನಿಂತಳು.

"ಅತ್ತೆ, ನಾನು ಅಲ್ಲಿಗೆ... ಸ್ವಲ್ಪ ಬೇಗಬೇಗ ನಡ್ಕೊಂಡ್ ಹೋಗಿ ಬರಲಾ?"

"ನಡೀತಾಳಂತೆ ನಡೀತಾಳೆ!" ಅತ್ತೆ ಕುರ್ಚಿಯ ಕೈ ಗುದ್ದಿದರು. "ಓಡೇ! ಅವಳ ಹತ್ರ ಓ... ಓಡು!"

ಕಿರಿಸೊಸೆ ಓಡಿದಳು. ಮಗಳು ಕೊಡೆ ಹಿಡಿದು ನಿಧಾನವಾಗಿ ನಡೆದುಹೋಗಿದ್ದ ಅದೇ ದಾರಿಯಲ್ಲಿ, ಸೊಸೆ ಬಕೆಟ್ಟು ಹಿಡಿದು, ಅರ್ಧ ನೀರು ಕಾಲ ಮೇಲೆ ಚೆಲ್ಲಿಕೊಂಡು, ನಿಜವಾಗಿಯೂ ಓಡಿದಳು. ಚಪ್ಪಲಿ ಹೊಲಿಯುವವನು ತಲೆಯೆತ್ತಿ, "ಈ ಮನೆಯವರಿಗೆ ಇದೇ ಆಯ್ತು" ಎಂದ.

ನಾದಿನಿ ಗಂಡನ ಅಂಗಡಿಯ ಮುಂದೆ ದೊಡ್ಡ ಕೊಳಗದಲ್ಲಿ ಬಟ್ಟೆ ತಿರುವುತ್ತಿದ್ದಳು. ಎರಡೂ ಕೈ ಮೊಣಕೈವರೆಗೆ ನೀಲಿ.

"ಅಯ್ಯೋ ಅತ್ತಿಗೆ! ಏನು, ಓಡ್ಕೊಂಡ್ ಬಂದ್ರಾ?"

"ಅಮ್ಮ... ಅಮ್ಮನೇ ಹೇಳಿದ್ರು... ಓಡು ಅಂತ," ಎಂದು ಕಿರಿಸೊಸೆ ಏದುಸಿರು ಬಿಟ್ಟಳು.

ನಾದಿನಿಯ ಕೈಯ ಕೋಲು ನಿಂತಿತು. "ಅಮ್ಮನ ಬಾಯಲ್ಲಿ ಆ ಮಾತಾ? ಯಾರು ಸತ್ರು ಅತ್ತಿಗೆ, ಹೇಳಿಬಿಡಿ."

"ಒಂದು ಗೌನು."

ಬಣ್ಣದವನು ಬಂದ. ಅವನು ಮಾತಿಗೂ ಬಣ್ಣಕ್ಕೂ ಅಳತೆಯಿಟ್ಟವನು. ಗೌನನ್ನು ಬೆಳಕಿಗೆ ಹಿಡಿದ, ಮೂಸಿದ, ಹೆಂಡತಿಯ ಮುಖ ನೋಡಿದ. "ಬಿಳಿ ಬರುತ್ತೆ. ಕೆಳಗಿನ ಅಂಚಲ್ಲಿ ಸ್ವಲ್ಪ ಉಳ್ಕೊಳ್ಳುತ್ತೆ. ಅದನ್ನೂ ತೆಗೀತೀನಿ ಅಂದ್ರೆ ಬಟ್ಟೆಯೇ ಕಿತ್ತು ಬರುತ್ತೆ," ಎಂದ. ಒಳಗೆ ಹೋಗಿ ಮೂಗು ಸುಡುವ ಯಾವುದೋ ನೀರಿನಲ್ಲಿ ಗೌನನ್ನು ಇಳಿಸಿ ಕೂತ. ಇವರಿಬ್ಬರೂ ಹೊರಗೆ ಕಾದರು. ನಾದಿನಿ ಅಮ್ಮನ ಕಣ್ಣಿನ ಬಗ್ಗೆ ಕೇಳಿದಳು, ಕಟುಕನ ಅಂಗಿಯ ಕತೆ ಕೇಳಿ ನೀಲಿ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕು ಮೂತಿಯೆಲ್ಲ ನೀಲಿ ಮಾಡಿಕೊಂಡಳು.

ಗೌನು ಬೆಳ್ಳಗಾಗಿ ಬಂತು. ಅಂಚಿನಲ್ಲಿ ಮಾತ್ರ ಅವನು ಹೇಳಿದಂತೆಯೇ ಗುಲಾಬಿ ಉಳಿದಿತ್ತು, ಕೆಳಗಿನಿಂದ ಮೇಲಕ್ಕೆ ಹತ್ತಲು ಹೊರಟು ಮನಸ್ಸು ಬದಲಿಸಿದಂತೆ. ಒದ್ದೆ ಬಟ್ಟೆ ಭಾರವೆಂದು ನಾದಿನಿ ಬಕೆಟ್ಟಿನ ಇನ್ನೊಂದು ಕಡೆ ಹಿಡಿದು ಜೊತೆಗೆ ಬಂದಳು. ಭಾರವೇನೂ ಇರಲಿಲ್ಲ. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಲಾಂಡ್ರಿಯ ಹೊಸಿಲಲ್ಲಿ ನಾದಿನಿ ನಿಂತುಬಿಟ್ಟಳು. ಅತ್ತೆ ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಬಾಗಿಲಲ್ಲಿ ನಿಂತು ನೀರು ಸುರಿಸ್ಬೇಡ. ಗಿರಾಕಿಗಳು ಜಾರಿ ಬಿದ್ರೆ ನೀನು ಎತ್ತುತ್ತೀಯಾ?"

ನಾದಿನಿ ಒಳಗೆ ಬಂದಳು.

"ಮೂತಿ ನೋಡು. ಮಸಿ ಕುಡಿದ ಕೋತಿ ಹಾಗೆ."

"ನಿಮ್ಮ ಕಣ್ಣು ಕಾಣಲ್ಲ ಅಂದ್ರು?"

"ಬೇಕಾದ್ದು ಕಾಣುತ್ತೆ," ಎಂದರು ಅತ್ತೆ. ತಾಯಿ ಮಗಳ ಮಾತು ಅಂದಿಗೆ ಅಷ್ಟಕ್ಕೇ ನಿಂತಿತು. ಆದರೆ ನಾದಿನಿ ಹೋಗದೆ, ಟೀವಿಯ ಮುಂದೆ ನೆಲದ ಮೇಲೆ ಕೂತು, "ಯಾರು ಆಡ್ತಿರೋದು?" ಎಂದಳು.

ಕಿರಿಸೊಸೆ ಗೌನನ್ನು ಫ್ಯಾನಿಗೆ ಹಿಡಿದು ಒಣಗಿಸಿ, ತಾನೇ ತನ್ನ ಹಳೆಯ ಮೇಜಿನ ಮೇಲೆ ಇಸ್ತ್ರಿ ಮಾಡಿದಳು. ಕೆಂಪು ಶಾಲನ್ನೂ ಮಾಡಿದಳು. ಒಂದೊಂದು ಮಡಿಕೆಗೂ ಒಂದೊಂದು ಇಂಗ್ಲಿಷ್ ಪದ ಜೋಡಿಸಿದಳು. ಭಾವ ಪಕ್ಕದಲ್ಲಿ ನಿಂತು ಬುದ್ಧಿ ಹೇಳಿದ.

"ಮೊದಲಿಂದಲೇ ಹೀಗಿತ್ತು ಅಂದ್ಬಿಡು. ನೋ ಪ್ರಾಬ್ಲಂ ಅನ್ನು. ಅವಳೇನು ಪ್ರಮಾಣ ಮಾಡ್ಸೋಕೆ ಬರ್ತಾಳಾ?"

"ನನ್ನ ಕೈಲಿ ಆಗಲ್ಲ ಭಾವ. ಒಂದು ಸುಳ್ಳು ಹೇಳಿದ್ದಕ್ಕೇ ಇಷ್ಟಾಯ್ತು."

ಸಂಜೆ ಹಾಡುಗಾರ್ತಿ ಬಂದಳು. ಕಿರಿಸೊಸೆ ಗೌನನ್ನು ಗಲ್ಲಾದ ಮೇಲೆ ಹಾಸಿ, ಅಂಚನ್ನು ತಾನೇ ಬೆರಳಿಟ್ಟು ತೋರಿಸಿ ಒಪ್ಪಿಸಿದಳು.

"ಮೇಡಂ. ಯು ಸೇಡ್ ರನ್. ಐ ಸೇಡ್ ವಾಕ್. ರೆಡ್ ಡಿಡ್ ರನ್. ಸಾರಿ. ನೋ ಮನಿ."

ಹಾಡುಗಾರ್ತಿ ಅಂಚು ನೋಡಿದಳು. ಅವಳ ಮೂಗಿನ ಹೊಳ್ಳೆ ಒಮ್ಮೆ ದೊಡ್ಡದಾಗಿ ಸಣ್ಣದಾಯಿತು. ಕೆಂಪು ಶಾಲನ್ನು ಎತ್ತಿ ಗೌನಿನ ಮೇಲೆ ಇಳಿಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿದಳು. ಕೆಂಪು ಕೆಳಗಿಳಿಯುತ್ತ ತೆಳುವಾಗಿ ಅಂಚಿನಲ್ಲಿ ಕರಗಿದಂತೆ ಕಾಣುತ್ತಿತ್ತು. ಬೇಕೆಂದೇ ಮಾಡಿಸಿದ ಹಾಗೆ.

"ಆಲ್ ರೈಟ್," ಎಂದಳು. "ಐ ವಿಲ್ ರನ್ ವಿತ್ ಇಟ್." ಎರಡನ್ನೂ ತೋಳಿಗೆ ಹಾಕಿಕೊಂಡು, ಹೊತ್ತಾಯಿತೆಂದು ಬಿರಬಿರನೆ ಹೊರಗೆ ನಡೆದಳು.

ರನ್ ವಿತ್ ಇಟ್? ಈ ಅರ್ಥ ಪಾಠದಲ್ಲಿ ಬಂದಿರಲಿಲ್ಲ. ಕಿರಿಸೊಸೆ ಇನ್ನೂ ಯೋಚಿಸುತ್ತಿದ್ದಳು. ಕಿಂಡಿಯಲ್ಲಿ ಕಿವಿಯಿಟ್ಟಿದ್ದ ಭಾವನಿಗೆ ಯೋಚನೆ ಬೇಕಾಗಲಿಲ್ಲ. ರನ್ನಿನ ಅರ್ಥ ಅವನಿಗೆ ಬೆಳಿಗ್ಗೆಯಷ್ಟೇ ಅಮ್ಮನಿಂದ ಖಡಾಖಂಡಿತವಾಗಿ ತಿಳಿದಿತ್ತು. ಮನೆಯ ಕಾನೂನೂ ಬೆಳಿಗ್ಗೆಯೇ ರದ್ದಾಗಿತ್ತು. ಅವನು ಗಲ್ಲಾ ಹಾರಿ ಬೀದಿಗೆ ಬಿದ್ದ.

"ಬಟ್ಟೆ ತಗೊಂಡು ಓಡ್ತೀನಿ ಅಂತ ಹೇಳೇ ಓಡ್ತಿದಾಳೆ! ದುಡ್ಡು ಕೊಟ್ಟಿಲ್ಲ! ಓಡ್ತಿದಾಳೆ, ಹಿಡೀರಿ!"

ಈ ಸಲ ಬೀದಿಗೆ ಅರ್ಥವಾಯಿತು. ಚಹಾ ಲೋಟಗಳು ಕೆಳಗಿಳಿದವು. ಹಿಂದಿನ ಸಲದ ಅಂಗಿಯ ಸೇಡೂ ಬಾಕಿಯಿತ್ತು. ಚಪ್ಪಲಿ ಹೊಲಿಯುವವನು, ಚಹಾದವನು, ತರಗತಿಗೆ ಹೊರಟಿದ್ದ ಬ್ಯಾಂಕಿನ ಕಾವಲುಗಾರ, ಎಲ್ಲರೂ ಸೇರಿ ಹಾಡುಗಾರ್ತಿಯನ್ನು ಹೋಟೆಲಿನ ಮೆಟ್ಟಿಲ ಬುಡದಲ್ಲಿ, ಅವಳದೇ ದೊಡ್ಡ ಚಿತ್ರದ ಕೆಳಗೆ, ಸುತ್ತುಗಟ್ಟಿದರು.

ಕಿರಿಸೊಸೆ ಅಂದು ಎರಡನೆಯ ಸಲ ಓಡಿದಳು. ಗುಂಪು ಸೀಳಿ ಒಳನುಗ್ಗಿ, ಹಾಡುಗಾರ್ತಿಗೆ ಅಡ್ಡ ನಿಂತು, ಸಿಕ್ಕ ಪದಗಳನ್ನೆಲ್ಲ ಎರಚಿದಳು: "ಸಾರಿ ಮೇಡಂ! ಯು ವಾಕ್! ದೇ ರನ್! ನೋ ಥೀಫ್! ಮೈ ಬ್ರದರ್ ಇನ್ ಲಾ, ನೋ ಬ್ರೇನ್!" ಆಮೇಲೆ ಗುಂಪಿಗೆ ತಿರುಗಿ, "ಏನ್ರೀ ಇದು, ದುಡ್ಡು ಬೇಡ ಅಂದವಳೇ ನಾನು! ಹೋಗಿ, ಚಹಾ ಆರಿಹೋಗುತ್ತೆ" ಎಂದಳು.

ಕಣ್ಣು ಕೆಂಪಗೆ ಮಾಡಿ ನಿಂತಿದ್ದ ಹಾಡುಗಾರ್ತಿ 'ನೋ ಬ್ರೇನ್' ಕೇಳಿದ್ದೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಕ್ಕು ನಕ್ಕು ಕಣ್ಣಿಗೆ ಹಚ್ಚಿದ್ದ ಕಪ್ಪೆಲ್ಲ ಕೆನ್ನೆಗಿಳಿಯಿತು. ಅದನ್ನು ಒರೆಸುತ್ತ, ಕೆನ್ನೆಗೆ ಬೆರಳಿಟ್ಟು, "ಸೀ? ದಿಸ್ ರನ್ಸ್ ಟೂ," ಎಂದಳು.

ಈ ಸಲ ಕಿರಿಸೊಸೆಗೆ ಕೂಡಲೇ ತಿಳಿಯಿತು.

ಅಂಗಡಿಗೆ ಬಂದಾಗ ಭಾವ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಕಿರಿಸೊಸೆ ಯಾರ ಮುಖವನ್ನೂ ನೋಡದೆ ಸೀದಾ ಹಿಂದಿನ ಕೋಣೆಯ ಕಡೆ ನಡೆದಳು.

"ಎಲ್ಲಿಗೆ?" ಎಂದರು ಅತ್ತೆ.

"ಇಸ್ತ್ರಿ ಮೇಜಿಗೆ. ಒಂದು ಎಡವಟ್ಟಾದ್ರೂ ಅಂದಿದ್ರಲ್ಲ."

"ಅಂದಿದ್ದೆ. ನೀನು ಗಿರಾಕಿಯ ಬಟ್ಟೆ ಕೆಡಿಸಿದೆ. ಇವನು ಗಿರಾಕಿಯನ್ನೇ ಹಿಡಿಸಿದ. ಬಟ್ಟೆ ಕೆಟ್ರೆ ಇವಳ ಗಂಡ ಇದಾನೆ," ಎಂದು ನೆಲದ ಮೇಲೆ ಕೂತಿದ್ದ ಮಗಳ ಕಡೆ ಗದ್ದ ಎತ್ತಿ ತೋರಿಸಿದರು. "ಗಿರಾಕಿ ಕೆಟ್ರೆ ಯಾವ ನೀರಿಗೆ ಹಾಕೋದು?"

ಕಿರಿಸೊಸೆ ಬಾಗಿಲಲ್ಲೇ ನಿಂತಿದ್ದಳು. ಗಲ್ಲಾ ಸಿಕ್ಕಿತೋ ಇಲ್ಲವೋ ಎಂದು ಕೇಳುವ ಧೈರ್ಯ ಸಾಲದೆ ಬೇರೆಯದೇ ಕೇಳಿದಳು.

"ಅತ್ತೆ, ರನ್ ವಿತ್ ಇಟ್ ಅಂದ್ರೇನಿರಬಹುದು? ಮೇಷ್ಟ್ರು ಇನ್ನೂ ಹೇಳ್ಕೊಟ್ಟಿಲ್ಲ."

ಅತ್ತೆ ಟೀವಿಯನ್ನೇ ನೋಡುತ್ತಿದ್ದರು. ಹೊಡೆದ ರಭಸಕ್ಕೆ ಒಬ್ಬನ ಬ್ಯಾಟಿನ ತುದಿ ಸೀಳಿತ್ತು. ಅವನು ಅದನ್ನು ಬಿಸಾಡದೆ, ಜೋತಾಡುವ ಚಕ್ಕೆಯ ಸಮೇತ ಕೈಯಲ್ಲಿ ಹಿಡಿದುಕೊಂಡೇ ಓಡುತ್ತಿದ್ದ.

"ನೋಡು, ಅದೇ ಇರಬೇಕು," ಎಂದರು. "ಸೀಳಿದ್ರೂ ಸರಿ, ಕೈಲಿರೋದನ್ನ ಹಿಡ್ಕೊಂಡೇ ಓಡೋದು. ಹೊಸದು ತರ್ತೀನಿ ಅಂತ ನಿಂತ್ರೆ ಔಟು." ಆಮೇಲೆ ಸೊಸೆಯ ಕಡೆ ತಿರುಗದೆಯೇ, ಕಾಲಿನಿಂದ ಸ್ಟೂಲನ್ನು ಅವಳತ್ತ ದೂಡಿದರು. "ಕೂತ್ಕೋ. ನಾಳೆಯಿಂದ ಅಂಗಡಿ ನೀನೇ ಓಡಿಸು."

ಕಿರಿಸೊಸೆ ಕೂತಳು. ಕಿಟಕಿಯಾಚೆ ಬೀದಿಯಲ್ಲಿ ಚಹಾದವನು ಲೋಟ ಎಣಿಸುತ್ತ ಶಾಪ ಹಾಕುತ್ತಿದ್ದ.

"ಆದ್ರೆ ಒಂದು ಮಾತು," ಎಂದರು ಅತ್ತೆ.

"ಏನತ್ತೆ?"

"ಕೆಂಪು ಬಂದ್ರೆ ನನ್ನ ಕೇಳು."